ಲೇಥ್ ನೋಡಾಕ ಹೋದ ವಕೀಲರು

ಬಾಗಲಕೋಟೆಯ ಹಳೇ ಊರಿನಲ್ಲಿ, ಈಗ ಹಿನ್ನೀರು ನಿಂತಿರುವ ಕಡೆ, ನಮ್ಮ ಸೀನಿಯರ್ ವಕೀಲರ ಮನೆ ಇತ್ತು. ಮನೆಯ ಹಿಂದೆ ಒಂದು ಕೋಣೆ. ಕೋಣೆಯಲ್ಲಿ ಗೋಡೆಯ ಪಕ್ಕಕ್ಕೆ ಮಂಡಿಯೆತ್ತರದ ಸಿಮೆಂಟಿನ ಕಟ್ಟೆ. ಕಟ್ಟೆಯ ಮೂಲೆಮೂಲೆಗೆ ಮುಷ್ಟಿ ಹೋಗುವಷ್ಟು ಅಗಲದ ಕುಳಿಗಳು, ಬೋಲ್ಟು ಕೂರಿಸಲೆಂದು ಬಿಟ್ಟವು. ಅದರ ಮೇಲೆ ಕಬ್ಬಿಣ ಕಡೆಯುವ ಒಂದು ಲೇಥ್ ಮಷೀನು ಬಂದು ಕೂರಬೇಕಾಗಿತ್ತು. ಅದು ಬರಲಿಲ್ಲ. ಅಕ್ಕಾರು, ಅಂದರೆ ವಕೀಲರ ಹೆಂಡತಿ, ಆ ಕಟ್ಟೆಯ ಮೇಲೆ ಶೇಂಗಾ ಒಣಹಾಕುತ್ತಿದ್ದರು. ಉಪ್ಪಿನಕಾಯಿಯ ಭರಣಿ ಇಡುತ್ತಿದ್ದರು. ಮಹಾನವಮಿಯ ಖಂಡೆ ಪೂಜೆಗೆ ಊರವರೆಲ್ಲ ತಮ್ಮ ತಮ್ಮ ಮಷೀನಿಗೆ, ಮಗ್ಗಕ್ಕೆ, ಸೈಕಲ್ಲಿಗೆ ವಿಭೂತಿ ಹಚ್ಚುವಾಗ ಅಕ್ಕಾರು ಬರಿಯ ಕಟ್ಟೆಗೇ ವಿಭೂತಿ ಹಚ್ಚಿ ಕಾಯಿ ಒಡೆಯುತ್ತಿದ್ದರು.

"ನಮ್ಮನಿಯವರು ದೇವರ ಸಿಗೂಕ್ಕಿಂತ ಮೊದಲ ಗುಡಿ ಕಟ್ಟಿಸಿ ಕುಂತಾರ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ವಕೀಲರು ನಕ್ಕು ತಲೆ ತಗ್ಗಿಸುತ್ತಿದ್ದರು. ಆ ದೇವರು ಯಾಕೆ ಬರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಅಕ್ಕಾರಿಗೆ ಕಡೆಯವರೆಗೂ ಗೊತ್ತಾಗಲಿಲ್ಲ. ಈಗ ಅವರೂ ಇಲ್ಲ, ಇವರೂ ಇಲ್ಲ, ಮನೆಯೂ ನೀರಿನಲ್ಲಿದೆ. ಹಾಗಾಗಿ ಬರೆಯುವ ಧೈರ್ಯ ಮಾಡಿದ್ದೇನೆ. ಆದರೂ ವಕೀಲರನ್ನು ನೆನೆದರೆ ನನಗೆ ದುಃಖಕ್ಕಿಂತ ಮೊದಲು ನಾಚಿಕೆಯೇ ಬರುತ್ತದೆ.

ನಾಚಿಕೆಯ ವಿಷಯದಲ್ಲಿ ನಾನು ಮೊದಲಿನಿಂದಲೂ ದುರ್ಬಲ. ಹೋಟೆಲಿನಲ್ಲಿ ಪಕ್ಕದ ಮೇಜಿನವನು ಚಹಾ ಚೆಲ್ಲಿಕೊಂಡರೆ ನನ್ನ ಕಿವಿ ಕೆಂಪಾಗುತ್ತದೆ. ಇಂಥವನಿಗೆ ದೇವರು ಕೊಟ್ಟ ಸೀನಿಯರ್ ಎಂದರೆ ನಾಚಿಕೆ ಎಂಬುದನ್ನೇ ಅರಿಯದ ಮನುಷ್ಯ. ಕನಿಷ್ಠ ನಾನು ಹಾಗೆ ತಿಳಿದಿದ್ದೆ.

ಲೇಥಿನ ಹುಚ್ಚು ಅವರಿಗೆ ಹತ್ತಿದ್ದು ಎಪ್ಪತ್ತರ ದಶಕದ ನಡುವೆ. ವರ್ಕ್‌ಶಾಪ್ ಒಂದರ ಪಾಲುದಾರರು ಜಗಳಾಡಿ ಕೋರ್ಟಿಗೆ ಬಂದಿದ್ದರು. ಒಳಗೆ ಏನೇನಿದೆ ಎಂದು ನೋಡಿ ವರದಿ ಕೊಡಲು ಕೋರ್ಟು ಇವರನ್ನು ಕಳಿಸಿತು. ಬೆಳಿಗ್ಗೆ ಹೋದವರು ಊಟಕ್ಕೆ ಬರಲಿಲ್ಲ, ಚಹಾಕ್ಕೆ ಬರಲಿಲ್ಲ. ನಾನು ಹುಡುಕಿಕೊಂಡು ಹೋದರೆ ಲೇಥ್ ನಡೆಸುವ ಟರ್ನರನ ಪಕ್ಕ ಒಂದು ಡಬ್ಬಿಯ ಮೇಲೆ ಕೂತು, ತಿರುಗುವ ಕಬ್ಬಿಣದಿಂದ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುವ ತೊಗಟೆಯನ್ನು ನೋಡುತ್ತಿದ್ದರು.

"ಕಬ್ಬಿಣ ಸಿಪ್ಪಿ ಬಿಡತೈತೋ ತಮ್ಮಾ," ಎಂದರು ನನ್ನನ್ನು ಕಂಡು. "ಇಷ್ಟ ವಯಸ್ಸಾತು, ಯಾರೂ ಹೇಳಿದ್ದಿಲ್ಲ ನನಗ."

ವರದಿ ಬರೆಯುವುದು ಹಾಗೇ ಉಳಿಯಿತು. ಆವತ್ತಿನಿಂದ ತಮ್ಮದೇ ಒಂದು ಲೇಥ್ ಬೇಕೆಂದು ಪಟ್ಟು ಹಿಡಿದರು. ಅದರಿಂದ ಏನು ಮಾಡುತ್ತೀರಿ ಎಂದು ಕೇಳಿದವರಿಗೆ ಅವರ ಬಳಿ ನೆಟ್ಟಗಿನ ಉತ್ತರ ಇರಲಿಲ್ಲ. ಬಾರ್ ರೂಮಿನಲ್ಲಿ ಯಾರೋ ಕೆಣಕಿದಾಗ ಒಮ್ಮೆ ಮಾತ್ರ ಹೇಳಿದರು: "ಹರೇದಾಗಿಂದ ಬರೀ ಮಾತ ಕೆತ್ತೀನ್ರಿ. ಒಂದೂ ದುಂಡಗ ಆಗಲಿಲ್ಲ. ಕಬ್ಬಿಣರೆ ಆಗತೈತೇನು ನೋಡೂಣು." ಎಲ್ಲರೂ ನಕ್ಕರು. ಅವರೂ ನಕ್ಕರು. ನನ್ನ ಕಿವಿ ಕೆಂಪಾಯಿತು.

ಹೊಸ ಮಷೀನು ಅವರ ಕೈಗೆಟುಕುವಂಥದ್ದಲ್ಲ. ಹಳೆಯದನ್ನು ಹುಡುಕಬೇಕು. ಹಳೆಯ ಲೇಥ್ ಎಲ್ಲಿ ಸಿಗುತ್ತದೆ ಎಂದರೆ ಮುಚ್ಚಿದ ವರ್ಕ್‌ಶಾಪಿನಲ್ಲಿ, ನಿಂತ ಅರಳೆ ಮಿಲ್ಲಿನಲ್ಲಿ, ಟರ್ನರ್ ತೀರಿಕೊಂಡ ಮನೆಯಲ್ಲಿ. ಹಾಗಾಗಿ ಐತವಾರದ ರಜೆ ಬಂತೆಂದರೆ ಸ್ನಾನ, ಲಿಂಗಪೂಜೆ ಮುಗಿಸಿ, ಜೇಬಿನಲ್ಲಿ ಒಂದು ಉಕ್ಕಿನ ಸ್ಕೇಲು, ಸಿಗರೇಟು ಡಬ್ಬಿಯೊಳಗಿನ ತೆಳ್ಳನೆಯ ಕಾಗದ ಇಟ್ಟುಕೊಂಡು ಹೊರಡುತ್ತಿದ್ದರು. ಸಿಗರೇಟು ಅವರು ಸೇದುತ್ತಿರಲಿಲ್ಲ. ಕಾಗದಕ್ಕಾಗಿ ಪಾನ್ ಅಂಗಡಿಯ ಮುಂದೆ ಬಿದ್ದ ಡಬ್ಬಿಗಳನ್ನು ಆಯುತ್ತಿದ್ದರು. ಕರಿ ಕೋಟಿನ ವಕೀಲರು ಬಗ್ಗಿ ಸಿಗರೇಟು ಡಬ್ಬಿ ಆಯುವಾಗ ಪಕ್ಕದಲ್ಲಿ ನಾನು ನಿಂತಿರಬೇಕಾಗುತ್ತಿತ್ತು.

ಆ ಸ್ಕೇಲು, ಕಾಗದದಿಂದ ಅವರು ಮಾಡುತ್ತಿದ್ದುದಿಷ್ಟು. ಲೇಥಿನ ಬೆಡ್, ಅಂದರೆ ಉದ್ದನೆಯ ಕಬ್ಬಿಣದ ಹಾಸಿನ ಮೇಲೆ ಸ್ಕೇಲನ್ನು ಅಂಚಿಗೆ ನಿಲ್ಲಿಸಿ, ಅದರ ಕೆಳಗೆ ಕಾಗದ ತೂರಿಸಿ ನೋಡುವುದು. ಎಲ್ಲಿ ಸಲೀಸಾಗಿ ಒಳಗೆ ಹೋಗುತ್ತದೋ ಅಲ್ಲಿ ಬೆಡ್ ಸವೆದಿದೆ ಎಂದರ್ಥ. ಆಮೇಲೆ ಹಿಡಿಕೆ ತಿರುಗಿಸುವುದು. ಹಿಡಿಕೆ ತಿರುಗಿದ ಮೇಲೂ ಒಳಗಿನ ಭಾಗ ಅಲುಗದೆ ನಿಂತರೆ ಅದಕ್ಕೆ ಅವರು ಇಟ್ಟ ಹೆಸರು 'ಸುಳ್ಳು'. ಬಾದಾಮಿಯ ಒಂದು ವರ್ಕ್‌ಶಾಪಿನಲ್ಲಿ ಹೀಗೇ ತಿರುಗಿಸಿ ನೋಡಿ, "ಈ ಹಿಡಕ್ಯಾಗ ಭಾಳ ಸುಳ್ಳು ಐತ್ರಿ," ಎಂದರು.

ಮಾಲೀಕನ ಮುಖ ಬಿಗಿಯಿತು. "ನಾನು ಖರೆ ಮಂದಿ ಮನ್ಯಾಗ ಹುಟ್ಟಿದಾಂವ ಅದೇನ್ರಿ."

"ನಿಮ್ಮನ್ನ ಅಂದಿಲ್ಲೋ ಮಾರಾಯಾ. ಹಿಡಕಿನ್ನ ಅಂದೆ. ಎಲ್ಲಾರ ಹಿಡಕೀನೂ ಸುಳ್ಳ ಹೇಳತಾವ, ಇದು ಸ್ವಲ್ಪ ಹೆಚ್ಚ," ಎನ್ನುತ್ತಲೇ ಅವರು ಎಣ್ಣೆ ಸುರಿದ ನೆಲದ ಮೇಲೆ ಅಂಗಾತ ಮಲಗಿ ಮಷೀನಿನ ಹೊಟ್ಟೆ ನೋಡತೊಡಗಿದರು. ಹೊರಗೆ ಕೈಕಾಲು ಮಾತ್ರ ಕಾಣುತ್ತಿದ್ದವು. ರಸ್ತೆಯಲ್ಲಿ ಹೋಗುವ ಜನ ನಿಂತು ಏನಾಯಿತೆಂದು ನನ್ನನ್ನು ಕೇಳಿದರು. ಬಿದ್ದಿದ್ದಾರೆ ಎಂದು ಸುಳ್ಳು ಹೇಳಿಬಿಟ್ಟೆ.

ಹುನಗುಂದದಲ್ಲಿ ಇನ್ನೊಂದು ಫಜೀತಿ. ವಕೀಲರು ಕರಿ ಕೋಟು ಹಾಕಿಕೊಂಡು ಬರುವುದನ್ನು ದೂರದಿಂದ ಕಂಡ ವರ್ಕ್‌ಶಾಪಿನವರು ಜಪ್ತಿಗೆ ಬಂದರೆಂದು ಬಾಗಿಲು ಎಳೆದುಕೊಂಡು ಹಿಂದಿನಿಂದ ಓಡಿಹೋದರು. ಅಂದಿನಿಂದ ಇಂಥ ಪ್ರವಾಸಕ್ಕೆ ಧೋತರ, ಬಿಳಿ ಅಂಗಿ, ಮೇಲೊಂದು ಬೂದು ಕೋಟು ಹಾಕಿ ಹೋಗಲು ಶುರುಮಾಡಿದರು. ಆ ವೇಷದಲ್ಲಿ ಅವರು ಲಗ್ನ ಕುದುರಿಸುವ ಹಿರಿಯರಂತೆ ಕಾಣುತ್ತಿದ್ದರು. ಇದು ನನಗೆ ಆಗಲೇ ಹೊಳೆಯಬೇಕಾಗಿತ್ತು.

ಎಲ್ಲಿ ಹೋದರೂ ಒಂದಲ್ಲ ಒಂದು ಕೊರತೆ ಕಾಣುತ್ತಿತ್ತು. ಬೆಡ್ ಸವೆದಿರುತ್ತಿತ್ತು, ಇಲ್ಲವೇ ಬಿರುಕಿಗೆ ಬಣ್ಣ ಬಳಿದಿರುತ್ತಿತ್ತು. ಕಟ್ಟೆ ಮಾತ್ರ ಮೊದಲ ವರ್ಷವೇ ತಯಾರಾಗಿತ್ತು. ಇಂಥದ್ದರಲ್ಲಿ ಇಳಕಲ್ಲಿನ ಸುದ್ದಿ ಬಂತು. ಅಲ್ಲಿ ಮಗ್ಗದ ಸಾಮಾನು, ಪಂಪಿನ ಸಾಮಾನು ಮಾಡಿಕೊಡುತ್ತಿದ್ದ ಹಿರಿಯ ಟರ್ನರ್ ಒಬ್ಬರು ಕಣ್ಣು ಮಂದವಾಗಿ ಕೆಲಸ ಬಿಟ್ಟಿದ್ದಾರೆ, ಮಷೀನನ್ನು ಮನೆಯಂಗಳಕ್ಕೆ ತಂದಿಟ್ಟಿದ್ದಾರೆ, ಮಗುವಿನಂತೆ ಜೋಪಾನ ಮಾಡಿದ ಮಷೀನು ಅದು ಎಂದು ಬಾಗಲಕೋಟೆಯ ಟರ್ನರನೊಬ್ಬ ಹೇಳಿದ. ವಕೀಲರಿಗೆ ಊಟ ಸೇರದಾಯಿತು.

ಅದೇ ವಾರ ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿ ತಮ್ಮ ಖಟ್ಲೆಗೆಂದು ಕೋರ್ಟಿಗೆ ಬಂದಿದ್ದರು. ಆ ಮನೆ ಅವರ ಓಣಿಯಲ್ಲೇ ಇತ್ತು. ವಕೀಲರು ಅವರನ್ನು ವರಾಂಡದಲ್ಲಿ ಹಿಡಿದು ಹೇಳಿದರು: "ಆ ಟರ್ನರ್ ಅವರ ಮನಿಗೆ ಒಂದ ಮಾತ ಮುಟ್ಟಸ್ರಿ. ಬರೂ ಐತವಾರ ನೋಡಾಕ ಬರ್ತೇವಿ ಅಂತ."

ವ್ಯಾಪಾರಿ ನನ್ನನ್ನೊಮ್ಮೆ ನೋಡಿದರು. "ಇವರೂ ಬರ್ತಾರೇನ್ರಿ?"

"ಅಂವ ಇಲ್ಲದ ಹೆಂಗ ಆಗತೈತ್ರಿ?" ಎಂದರು ವಕೀಲರು.

"ಭಾಳ ಚಲೋ ಆತ್ ಬಿಡ್ರಿ," ಎಂದು ವ್ಯಾಪಾರಿ ಕೈಮುಗಿದು ಹೋದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯಾಗದ ಹುಡುಗನನ್ನು ಕರೆದುಕೊಂಡು ಒಬ್ಬ ಹಿರಿಯರು ಒಂದು ಮನೆಗೆ 'ನೋಡಾಕ ಬರ್ತೇವಿ' ಎಂದರೆ, ಏನನ್ನು ಎಂದು ಯಾರೂ ಕೇಳುವುದಿಲ್ಲ. ಆ ಮನೆಯಲ್ಲಿ ಲಗ್ನಕ್ಕೆ ಬಂದ ಮಗಳಿದ್ದಳು. ಇದು ವ್ಯಾಪಾರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ನನಗೆ ಸೋದರಮಾವನ ಮಗಳನ್ನು ಆಗಲೇ ಗೊತ್ತು ಮಾಡಿದ್ದರು. ಅದು ನಮಗೆ ಗೊತ್ತಿತ್ತು, ವ್ಯಾಪಾರಿಗೆ ಗೊತ್ತಿರಲಿಲ್ಲ. ವಕೀಲರಿಗಂತೂ ಲೇಥ್ ಬಿಟ್ಟು ಈ ಲೋಕದಲ್ಲಿ ನೋಡಲು ಹೋಗುವಂಥದ್ದು ಇನ್ನೊಂದಿದೆ ಎಂಬುದೇ ಮರೆತುಹೋಗಿತ್ತು.

ಇಳಕಲ್ಲಿನ ಬಸ್ಸಿಳಿದು ಓಣಿಗೆ ಕಾಲಿಟ್ಟಾಗ ಮನೆಗಳ ಬಾಗಿಲಲ್ಲಿ ಹೆಂಗಸರು ನಿಂತಿದ್ದರು. ಆ ಮನೆಯ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಿದ್ದರು. ಪಡಸಾಲೆಯಲ್ಲಿ ಜಮಖಾನ ಹಾಸಿ, ತಲೆಗೆ ಪಟಗ ಸುತ್ತಿದ ಹಿರಿಯರು ಕೂತಿದ್ದರು. ಟರ್ನರ್ ಗೋಡೆ ಹಿಡಿದುಕೊಂಡೇ ಎದ್ದು ಬಂದು ನಮ್ಮನ್ನು ಬರಮಾಡಿಕೊಂಡರು. ಚುರಮುರಿಗೆ ಒಗ್ಗರಣೆ ಹಾಕಿದ ಸುಸಲಾ ತುಂಬಿದ ತಾಟುಗಳು ಬಂದವು. ಒಂದು ಹಳೇ ಮಷೀನಿಗೆ ಇಷ್ಟೊಂದು ಉಪಚಾರವೇ ಎಂದು ನನಗೆ ಮುಜುಗರ. ವಕೀಲರ ಲಕ್ಷ್ಯವೆಲ್ಲ ಅಂಗಳದ ಮೂಲೆಯಲ್ಲಿತ್ತು. ಅಲ್ಲಿ ಗೋಣಿಚೀಲ ಹೊದ್ದು ಅದು ನಿಂತಿತ್ತು. ಅದನ್ನು ಕಂಡ ಕೂಡಲೇ ಅವರ ಮುಖ ಹೊಳೆಯಿತು. ಸ್ಕೇಲನ್ನು ಜೇಬಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು, ಕಾಗದವನ್ನು ಬೆರಳ ಸಂದಿಯಲ್ಲಿ ಹಿಡಿದುಕೊಂಡರು.

ನಮ್ಮ ಕಡೆ ಮನೆಯ ಹೆಣ್ಣುಮಕ್ಕಳನ್ನು ಮಾತಿನಲ್ಲಿ 'ಅದು' ಎಂದೇ ಕರೆಯುವುದು, ಮುದ್ದಿಗೆ. ಮಷೀನೂ 'ಅದು'. ಈ ಒಂದು 'ಅದು' ನಮ್ಮನ್ನು ಎಲ್ಲಿಯವರೆಗೆ ಒಯ್ದಿತು ನೋಡಿ.

"ಯಾರಿಗೂ ಕೊಡಲಾರದ ಇಟ್ಟಕೊಂಡೀರಿ ಅಂತ ಕೇಳಿದ್ವಿ," ಎಂದು ವಕೀಲರು ಶುರುಮಾಡಿದರು.

"ಯೋಗ್ಯರ ಕೈಗೆ ಕೊಡಬೇಕಲ್ರಿ," ಎಂದರು ಟರ್ನರ್.

"ಅದಂತೂ ಖರೆ. ಸಿಕ್ಕವರಿಗೆ ಕೊಟ್ರ ಹಾಳ ಮಾಡತಾರ. ಎಷ್ಟ ವರ್ಷದ್ದರಿ?"

"ಬರೂ ಶ್ರಾವಣಕ್ಕ ಇಪ್ಪತ್ತ ತುಂಬತಾವ್ರಿ."

"ಇಪ್ಪತ್ತಂದ್ರ ಏನೂ ಅಲ್ಲ. ಇನ್ನೂ ಹೊಸಾದ. ಸಪ್ಪಳ ಏನರೆ?"

"ಸಪ್ಪಳನ ಇಲ್ರಿ ಅದರದು. ಮನ್ಯಾಗ ಐತೋ ಇಲ್ಲೋ ಅನಸತೈತಿ."

ವಕೀಲರ ಸಂತೋಷ ಹೇಳತೀರದು. ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ನಿಮ್ಮದು ಮನಿದೇವರು ಯಾವುದ್ರಿ?" ಎಂದು ಕೇಳಿದರು. ಲೇಥಿಗೂ ಮನೆದೇವರಿಗೂ ಏನು ಸಂಬಂಧ ಎಂದು ನಾನು ಯೋಚಿಸತೊಡಗಿದೆ. ಯೋಚಿಸುತ್ತಲೇ ಅವರು ನನ್ನನ್ನು ವರನೆಂದು ತಿಳಿದಿರುವುದು ಹೊಳೆಯಿತು. ಅವರು ಇನ್ನೊಮ್ಮೆ ಕೇಳಿದರು. ನನ್ನಿಂದ ಮಾತು ಹೊರಡಲಿಲ್ಲ. ವಕೀಲರ ತೋಳು ಹಿಡಿದು ಜಗ್ಗುವಷ್ಟರಲ್ಲಿ ಅವರು ಆಡಬಾರದ್ದನ್ನು ಆಡಿಯೇ ಬಿಟ್ಟಿದ್ದರು.

"ಒಮ್ಮೆ ಬೆಳಕಿಗೆ ತಂದು ತೋರಸ್ರಲ್ಲ."

ಟರ್ನರ್ ಒಳಗಿನ ಬಾಗಿಲ ಕಡೆ ಮುಖಮಾಡಿ ಹೇಳಿದರು: "ಕರಕೊಂಡ ಬರ್ರಿ."

ಚಹಾದ ತಟ್ಟೆ ಹಿಡಿದು ಹುಡುಗಿ ಹೊರಗೆ ಬಂದಳು. ಹೊಸ ಇಳಕಲ್ ಸೀರೆ. ತಟ್ಟೆಯ ಮೇಲೆ ಕಪ್ಪುಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಅವಳ ಹಿಂದೆ ಬಾಗಿಲಲ್ಲಿ ಅವಳ ತಾಯಿ. ಆ ತಾಯಿಯ ಮುಖದಲ್ಲಿದ್ದ ಆಸೆಯನ್ನು ನಾನು ಇವತ್ತಿಗೂ ನೆನೆಯಲಾರೆ. ಈ ಮೊದಲೇ ಯಾರೋ ಬಂದು ನೋಡಿ, ಒಲ್ಲೆನೆಂದು ಹೋಗಿದ್ದರಂತೆ. ಓಣಿಯ ಹೆಂಗಸರು ಈಗ ಹೊಸ್ತಿಲವರೆಗೂ ಬಂದಿದ್ದರು. ನಾವು ಬಂದದ್ದು ಮೂಲೆಯ ಕಬ್ಬಿಣಕ್ಕೆ ಎಂದು ಒಂದು ಮಾತು ಹೊರಬಿದ್ದರೂ ಸಾಕಿತ್ತು. 'ಹುಡುಗಿನ್ನ ಬಿಟ್ಟು ಮಷೀನ್ ನೋಡಿ ಹೋದ್ರು' ಎಂದು ಇಳಕಲ್ಲಿನ ಮಗ್ಗಮಗ್ಗಕ್ಕೂ ಸುದ್ದಿ ಹೋಗುತ್ತಿತ್ತು. ಆ ನಗೆ ಆ ಹುಡುಗಿಯನ್ನು ಜನ್ಮವಿಡೀ ಬಿಡುತ್ತಿರಲಿಲ್ಲ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೆ ಎನಿಸಿತು.

ವಕೀಲರು ಕಾಗದವನ್ನು ಮಡಚಿ ಮುಷ್ಟಿಯಲ್ಲಿ ಅಡಗಿಸಿದರು. ಸ್ಕೇಲನ್ನು ಮೆಲ್ಲಗೆ ಕೋಟಿನ ಒಳಜೇಬಿಗೆ ಇಳಿಬಿಟ್ಟರು. ಕೂತಲ್ಲೇ ಸರಿದು, ಅಂಗಳದ ಮೂಲೆಗೆ ಪೂರ್ತಿ ಬೆನ್ನಾಗುವಂತೆ ತಿರುಗಿ ಕೂತರು. ಆಮೇಲೆ ಹುಡುಗಿಯನ್ನು ಮಾತಾಡಿಸಿದರು.

"ಕೂಡವಾ ತಂಗಿ. ಏನ ಓದೀದಿ?"

"ಮ್ಯಾಟ್ರಿಕ್ ಆಗೇತ್ರಿ."

"ಮುಂದ?"

"ಮಾಸ್ತರಕಿ ಟ್ರೇನಿಂಗ್ ಮಾಡಬೇಕಂತೇನ್ರಿ."

"ಅದನ್ನ ಬಿಡಬ್ಯಾಡ. ಲಗ್ನ ಹಿಂದ ಮುಂದ ಆದ್ರೂ ಅಡ್ಡಿ ಇಲ್ಲ, ಅದನ್ನ ಮಾತ್ರ ಬಿಡಬ್ಯಾಡ," ಎಂದರು. ಆಮೇಲೆ ಹಿರಿಯರ ಕಡೆ ತಿರುಗಿ ನನ್ನ ಮನೆದೇವರು, ನಮ್ಮ ಹೊಲ, ನನ್ನ ತಂದೆಯ ಹೆಸರು ಎಲ್ಲವನ್ನೂ ಕ್ರಮವಾಗಿ ಹೇಳಿದರು. "ನೀ ಏನರೆ ಕೇಳತೀ ಏನೋ?" ಎಂದು ನನ್ನನ್ನು ಕೇಳಿದರು. ನಾನು ಸುಸಲಾದ ತಾಟನ್ನೇ ನೋಡುತ್ತ ಕೂತೆ. ಚಹಾ ಮುಗಿಯಿತು. ಇಷ್ಟು ವರ್ಷ ಹುಡುಕಿದ ವಸ್ತು ಬೆನ್ನ ಹಿಂದೆ ನಿಂತಿತ್ತು. ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ. ಟರ್ನರ್ ಯಾರದೋ ಹೆಗಲು ಹಿಡಿದು ಓಣಿಯ ತುದಿಯವರೆಗೂ ಬಂದು, "ನಿಮ್ಮ ಮಾತಿಗೆ ಕಾಯತೇವ್ರಿ," ಎಂದು ಕೈಮುಗಿದರು.

ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತ ಮೇಲೆ ನಾನು ಬಾಯಿಬಿಟ್ಟೆ. "ಖರೆ ಹೇಳಿಬಿಡಬೇಕಿತ್ರಿ ಸಾಹೇಬ್ರ."

"ಖರೆ ಹೇಳಾಕ ಕೋರ್ಟ್ ಐತಿ. ಅದು ಮನಿ," ಎಂದರು. ಆಮೇಲೆ, "ನಾಚಿಕಿ ಆಗಬೇಕು ನನಗ. ಮಂದಿ ಮನಿ ಅಂಗಳದಾಗ ಹೋಗಿ ಕಬ್ಬಿಣ ಅಷ್ಟ ಕಾಣತೈತಿ ಅಂದ್ರ, ಇದೇನ್ ಕಣ್ಣೋ ನಂದು," ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾಚಿಕೆ ಎಂಬುದನ್ನೇ ಅರಿಯದ ಮನುಷ್ಯ ಎಂದು ನಾನು ತಿಳಿದಿದ್ದವರು ಇವರು. ನನ್ನದೆಲ್ಲ ಕಿವಿ ಕೆಂಪಾಗುವ ನಾಚಿಕೆ. ಅವರದು ಹಾಗಿರಲಿಲ್ಲ.

"ನಾವು ಒಲ್ಲೆ ಅಂತ ಹೇಳಿ ಕಳಿಸೂಣ್ರಿ," ಎಂದೆ.

"ನಾವು ಒಲ್ಲೆ ಅನ್ನಾಂಗಿಲ್ಲ. ಮತ್ತೊಬ್ಬರು ಬಂದು ಒಲ್ಲೆ ಅಂದು ಹೋದ್ರು ಅಂತ ಆಗತೈತಿ. ಅವರಾಗಿ ಒಲ್ಲೆ ಅನ್ನಬೇಕು."

ಅವರು ಹೇಗೆ ಒಲ್ಲೆ ಎನ್ನುತ್ತಾರೆ ಎಂಬುದು ನನಗೆ ಮುಂದಿನ ವಾರ ತಿಳಿಯಿತು. ಕೋರ್ಟಿನ ವರಾಂಡದಲ್ಲಿ ಸೀರೆ ವ್ಯಾಪಾರಿ ನನ್ನ ಹತ್ತಿರ ಬಂದು, ನನ್ನ ಕಿವಿಗೆ ಬಾಯಿ ಹಚ್ಚಿ, ಜಡ್ಜ್ ಸಾಹೇಬರು ತಲೆಯೆತ್ತಿ ನೋಡುವಷ್ಟು ಜೋರಾಗಿ, "ನಮಸ್ಕಾರ್ರೀ," ಎಂದರು. ವಕೀಲರು ಅವರ ಬಳಿ ಗುಟ್ಟಾಗಿ ತಪ್ಪೊಪ್ಪಿಕೊಂಡಿದ್ದರು: ಹುಡುಗನಿಗೆ ಕಿವಿ ಮಂದ, ಮುಚ್ಚಿಟ್ಟು ಕರೆದುಕೊಂಡು ಬಂದದ್ದು ತಮ್ಮದೇ ತಪ್ಪು, ಇದನ್ನು ತಿಳಿಸಿಬಿಡಿ, ಆಮೇಲೆ ಅವರಿಷ್ಟ. ಮನೆದೇವರು ಕೇಳಿದಾಗ ನಾನು ಕಂಬದಂತೆ ಕೂತಿದ್ದನ್ನು ಹಿರಿಯರೆಲ್ಲ ಕಂಡಿದ್ದರಲ್ಲ, ನಂಬದೆ ಏನು ಮಾಡುತ್ತಾರೆ. ಹುಡುಗಿಯ ಮನೆಯವರು ಒಲ್ಲೆವೆಂದರು. ಬಾಗಲಕೋಟೆಯ ವಕೀಲ ಹುಡುಗನನ್ನೇ ಬೇಡವೆಂದ ಮನೆ ಎಂದು ಇಳಕಲ್ಲಿನಲ್ಲಿ ಅವರ ಹೆಸರು ಒಂದು ಕೈ ಮೇಲಾಯಿತು.

ನನ್ನ ಮಾನ ಮಾತ್ರ ಹರಾಜಾಯಿತು. ಕಕ್ಷಿಗಾರರು ನನ್ನೆದುರು ಕೈಸನ್ನೆ ಮಾಡತೊಡಗಿದರು. ನಮ್ಮವ್ವ ತುಳಸಿಗೇರಿ ಹಣಮಪ್ಪನಿಗೆ ನನ್ನ ಕಿವಿಯ ಹರಕೆ ಹೊತ್ತಳು. ಸೋದರಮಾವ, ಮಗಳನ್ನು ಗೊತ್ತು ಮಾಡಿದ ಮೇಲೆ ಇನ್ನೊಂದು ಕಡೆ ನೋಡಾಕ ಹೋದನೆಂದು ಕೆಂಡವಾದ. ನಾನು ಸಿಟ್ಟಿನಿಂದ ವಕೀಲರ ಜೊತೆ ಮಾತು ಬಿಟ್ಟೆ. ಅವರು ತಾವೇ ಬಸ್ಸು ಹತ್ತಿ ಮಾವನ ಊರಿಗೆ ಹೋದರು. ಜಡ್ಜರ ಮುಂದೆಯೂ ಬಗ್ಗದ ಮನುಷ್ಯ ಮಾವನ ಅಂಗಳದಲ್ಲಿ ಕೈಮುಗಿದು ನಿಂತು, ಹುಡುಗನದು ತಪ್ಪಿಲ್ಲ, ನಾನೇ ಒತ್ತಾಯದಿಂದ ಎಳೆದುಕೊಂಡು ಹೋದೆ ಎಂದರಂತೆ. ಲೇಥಿನ ವಿಷಯ ಅಲ್ಲಿಯೂ ಎತ್ತಲಿಲ್ಲ. ಮಾವ ಬೈದದ್ದನ್ನೆಲ್ಲ ನಿಂತು ಕೇಳಿಸಿಕೊಂಡು, ನನ್ನ ಲಗ್ನ ಉಳಿಸಿಕೊಂಡು ಬಂದರು. ನನ್ನ ಹೆಂಡತಿ ಮೊದ ಮೊದಲು ನನ್ನ ಜೊತೆ ಸ್ವಲ್ಪ ಎತ್ತರದ ದನಿಯಲ್ಲೇ ಮಾತಾಡುತ್ತಿದ್ದಳು.

ಆಮೇಲೆ ವಕೀಲರು ಲೇಥ್ ಹುಡುಕುವುದನ್ನು ಬಿಟ್ಟರು. ಆ ಮಷೀನನ್ನು ಕೊಂಡರೆ ಗುಟ್ಟು ರಟ್ಟಾಗುತ್ತದೆ, ಬೇರೆಯದನ್ನು ಕೊಳ್ಳಲು ಮನಸ್ಸಿಲ್ಲ. "ಮನಸಿಗೆ ಬಂದಂಥಾದ್ದು ಸಿಗಲಿಲ್ಲ," ಎಂದು ಅಕ್ಕಾರಿಗೆ ಹೇಳಿದರು. 'ನೋಡಾಕ' ಎಂಬ ಮಾತನ್ನೂ ಬಿಟ್ಟರು. ಸಿನೇಮಾಕ್ಕೆ ಹೋಗುವುದಿದ್ದರೂ 'ಹೋಗಿ ಬರೂಣು' ಎನ್ನುತ್ತಿದ್ದರು. ಆ ವಿಷಯ ಅವರ ಬಾಯಲ್ಲಿ ಒಮ್ಮೆ ಮಾತ್ರ ಬಂತು. ಯಾವುದೋ ಖಟ್ಲೆಗೆ ಮರೋಳದ ಕಡೆ ಹೊರಟಿದ್ದೆವು. ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ, "ಗೋಣಿಚೀಲ ಒಂದ ಕಡೆ ಸರದಿತ್ತು, ನೋಡಿದಿ?" ಎಂದರು. "ಒಂದ ಗೇಣ ಬೆಡ್ ಕಾಣತಿತ್ತು. ಕನ್ನಡಿ ಇದ್ದಂಗ ಇತ್ತೋ ತಮ್ಮಾ." ಅವರ ಮೇಲಿನ ನನ್ನ ಸಿಟ್ಟು ಅಂದು ಇಳಿಯಿತು.

ಎಂಬತ್ತರ ದಶಕದ ಕೊನೆಯಲ್ಲಿ ಅವರು ಹೋದರು. ಎದೆನೋವೆಂದು ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಆನಿಸಿ ಕೂಡಿಸುತ್ತೇವೆ. ಎಲ್ಲರೂ ಪಡಸಾಲೆಯಲ್ಲಿ ಕೂಡಿಸಲು ಹೊರಟಾಗ ಅಕ್ಕಾರು ತಡೆದರು.

"ಹಿಂದಿನ ಕ್ವಾಣ್ಯಾಗ ಆ ಕಟ್ಟಿ ಮ್ಯಾಲ ಕೂಡಸ್ರಿ," ಎಂದರು. "ಅಷ್ಟ ಆಸೇಲೆ ಕಟ್ಟಿಸ್ಯಾರ. ಖಾಲಿ ಉಳಿಯೂದು ಬ್ಯಾಡ."

ಹಾಗೆ ಅವರು ಲೇಥಿನ ಕಟ್ಟೆಯ ಮೇಲೆ ಕೂತರು. ಜನ ಸಾಲಾಗಿ ಬಂದು ಮುಖ ನೋಡಿ ಹೋಗುತ್ತಿದ್ದರು. ಆ ಸಾಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದ ಒಬ್ಬ ಹೆಣ್ಣುಮಗಳು ಬಂದು, ಪಾದಕ್ಕೆ ಹಣೆ ಹಚ್ಚಿ, ಹಿತ್ತಲಿಗೆ ಬಂದಳು. ನಾನು ಅಲ್ಲಿ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದೆ.

"ಗುರತ ಹತ್ತಲಿಲ್ಲೇನ್ರಿ?" ಎಂದಳು. "ಇಳಕಲ್ಲಿನ ಟರ್ನರ್ ಮಗಳ್ರಿ ನಾ. ಈಗ ಹುನಗುಂದದಾಗ ಕನ್ನಡ ಸಾಲಿಗೆ ಟೀಚರ್ ಅದೇನಿ. ಟ್ರೇನಿಂಗ್ ಬಿಡಬ್ಯಾಡ ಅಂದಿದ್ರು ಅವರು. ಬಿಡಲಿಲ್ರಿ."

ನನ್ನ ಕಿವಿ ಮತ್ತೆ ಕೆಂಪಾಯಿತು. ಅವತ್ತಿನ ವಿಷಯ ಏನೋ ಹೇಳಲು ಹೋಗಿ ತೊದಲಿದೆ. ಅವಳು ತಡೆದಳು.

"ನನಗ ಅವತ್ತ ಗೊತ್ತಾಗಿತ್ರಿ. ಹುಡುಗಿ ನೋಡಾಕ ಬರೂ ಮಂದಿ ಸ್ಕೇಲ್ ತರತಾರೇನ್ರಿ? ಟರ್ನರ್ ಮಗಳಿಗೆ ಆ ಸ್ಕೇಲ್ ಎದಕ್ಕಂತ ತಿಳಿಯೂದಿಲ್ಲೇನು? ನಾ ಚಹಾ ತಂದ ಕೂಡಲೆ ಅದನ್ನ ಒಳಗಿಟ್ಟು, ಮಷೀನಿಗೆ ಬೆನ್ನ ಹಾಕಿ ಕುಂತ್ರು."

"ನಿಮ್ಮ ತಂದೆಯವರಿಗೆ?"

"ಹೇಳಿದೆರಿ, ನೀವು ಹೋದಮ್ಯಾಲ. ಅಪ್ಪ ಅಂದ, ಅವರು ನಮ್ಮ ಮರ್ಯಾದಿ ಕಾದು ಹೋಗ್ಯಾರವಾ, ನಾವಾಗಿ ಮಷೀನ್ ಒಯ್ರಿ ಅಂದ್ರ ಅವರಿಗೆ ನಾಚಿಕಿ ಆಗತೈತಿ, ಅವರ ಒಂದಿನ ಕೇಳಿ ಕಳಸಲಿ ಅಂತ. ಎಷ್ಟ ಮಂದಿ ಬಂದ್ರೂ ಕೊಡಲಿಲ್ರಿ. ಅದನ್ನ ಒಬ್ಬರು ನೋಡಿ ಹೋಗ್ಯಾರ, ಗೊತ್ತಾಗೇತಿ, ಅಂತಿದ್ದ. ಸಾಯೂತನಕ ಹಂಗ ಅಂದ."

"ಈಗ ಅದು?"

"ಅಲ್ಲೇ ಐತ್ರಿ. ಬೆಡ್ ಎಲ್ಲಾ ತುಕ್ಕ ತಿಂದೈತಿ."

ಇವರು ಅವರ ಮರ್ಯಾದೆಗೆಂದು ಕೇಳಲಿಲ್ಲ. ಅವರು ಇವರ ಮರ್ಯಾದೆಗೆಂದು ಕೊಡಲಿಲ್ಲ. ನಡುವೆ ನಾನೊಬ್ಬನಿದ್ದೆ. ಇಳಕಲ್ಲಿಗೆ ವರ್ಷಕ್ಕೆ ಹತ್ತಾರು ಸಲ ಹೋಗುತ್ತಿದ್ದೆ. ಆ ಓಣಿಗೆ ಒಮ್ಮೆ ಕಾಲಿಟ್ಟಿದ್ದರೆ ಸಾಕಿತ್ತು. ನಾಚಿಕೆಯಾಗುತ್ತದೆಂದು ಸುತ್ತುಹಾಕಿ ಬೇರೆ ದಾರಿಯಲ್ಲಿ ಹೋಗುತ್ತಿದ್ದೆ.

ಅಷ್ಟರಲ್ಲಿ ಅಕ್ಕಾರು ಹಿತ್ತಲಿಗೆ ಬಂದರು. ಅತ್ತು ಕಣ್ಣು ಬಾತಿದ್ದವು. "ಯಾರವಾ ನೀ? ಗುರತ ಹತ್ತಲಿಲ್ಲ," ಎಂದರು. "ಮಷೀನು ಅಂದಂಗಾತು. ಯಾವ ಮಷೀನು?"

ವರ್ಷ ವರ್ಷವೂ ಬರಿಯ ಕಟ್ಟೆಗೆ ವಿಭೂತಿ ಹಚ್ಚಿದ ಹೆಂಗಸು. ಗಂಡನನ್ನು ಆ ಕಟ್ಟೆಯ ಮೇಲೆ ಕೂಡಿಸಿ ಬಂದಿದ್ದಾರೆ. ಆ ಮಷೀನು ಇಷ್ಟು ವರ್ಷ ಇಳಕಲ್ಲಿನಲ್ಲಿ ವಕೀಲರಿಗಾಗಿಯೇ ಕಾದು ನಿಂತಿತ್ತು ಎಂದು ಈ ಹೊತ್ತಿನಲ್ಲಿ ಕೇಳಬೇಕೆ.

ಟೀಚರ್ ಸೆರಗು ಸರಿಮಾಡಿಕೊಂಡಳು. "ಮಷೀನ್ ಅಲ್ರಿ ಅಕ್ಕಾರ. ನಾ ಇಳಕಲ್ಲಿನಾಕಿ. ವಕೀಲ ಸಾಹೇಬ್ರು ಇವರನ್ನ ಕರಕೊಂಡು ನನ್ನ ನೋಡಾಕ ಬಂದಿದ್ರು, ಹಿಂದಕ. ಬ್ಯಾರೆ ಎದಕ್ಕೂ ಬಂದಿದ್ದಿಲ್ರಿ, ನನ್ನ ನೋಡಾಕ ಬಂದಿದ್ರು. ಇವರಿಗೆ ಕಿವಿ ಮಂದಂತ ನಮ್ಮಪ್ಪ ಒಲ್ಲೆ ಅಂದ."

ಅಕ್ಕಾರು ನನ್ನ ಮುಖ ನೋಡಿದರು. ನಾನು ಏನೂ ಕೇಳಿಸದವನಂತೆ ತಲೆ ತಗ್ಗಿಸಿ ನಿಂತೆ.